ದೊಡ್ಡವರು ಚಿಕ್ಕ ರೂಮಿನಲ್ಲಿ ಯಾಕೆ ನುಡಿಸ್ತಾರೆ?

ನಮ್ಮ ಕಾಲೇಜಿನಲ್ಲಿ ಹಳೇ ರಾಕ್ ಕೇಳೋರು ಜಾಸ್ತಿ ಜನ ಇಲ್ಲ. ಲೆಕ್ಕ ಹಾಕಿದರೆ ನಾವು ಐದು ಜನ: ಮೆಕ್ಯಾನಿಕಲ್‌ನವರು ಇಬ್ಬರು, ಇಸಿಯವರು ಇಬ್ಬರು, ಸಿವಿಲ್‌ನ ಒಬ್ಬಳು. ಆರನೆಯವರು ನಮ್ಮಲ್ಲೊಬ್ಬನ ಸೋದರಮಾವ. ವಯಸ್ಸು ಐವತ್ತು ದಾಟಿದೆ. ಕ್ಯಾಸೆಟ್ ಕಾಲದಿಂದ ಕೇಳ್ತಾ ಬಂದಿದ್ದಾರೆ. 2003ರಲ್ಲಿ ರೋಲಿಂಗ್ ಸ್ಟೋನ್ಸ್ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಾಗ ಆ ಜನಜಂಗುಳಿಯಲ್ಲಿ ನಿಂತು ನೋಡಿದವರು. ಈಗ ಅವರು ನಮ್ಮೆಲ್ಲರಿಗೂ ಮಾವನೇ. ತಿಂಗಳಿಗೊಂದು ಭಾನುವಾರ ಅವರ ಮನೆಗೆ ಹೋದರೆ ಊಟಕ್ಕೆ ಅರ್ಧ ಗಂಟೆ, ವಾದಕ್ಕೆ ಮೂರು ಗಂಟೆ.

ಈ ಸೆಮಿಸ್ಟರ್ ಪೂರ್ತಿ ಒಂದೇ ವಾದ. ದೊಡ್ಡ ದೊಡ್ಡ ಸ್ಟೇಜಿನಲ್ಲಿ ನುಡಿಸಿ ಹೆಸರು ಮಾಡಿದ ಗಿಟಾರಿಸ್ಟ್, ವಯಸ್ಸಾದ ಮೇಲೆ ಇನ್ನೂರು ಮುನ್ನೂರು ಜನ ಹಿಡಿಸೋ ಕ್ಲಬ್ಬಿಗೆ ಬಂದು ಯಾಕೆ ನುಡಿಸ್ತಾನೆ? ನಮ್ಮಲ್ಲಿ ಇಬ್ಬರ ಪ್ರಕಾರ ಅದು ರಿಟೈರ್‌ಮೆಂಟ್. ದೊಡ್ಡ ಜಾಗದ ಟಿಕೆಟ್ ಮಾರಾಟ ಆಗದೇ ಇದ್ದಾಗ ಹಿಡಿಯೋ ದಾರಿ. ಇನ್ನಿಬ್ಬರ ಪ್ರಕಾರ ಅದೊಂದು ಹವ್ಯಾಸ. ದುಡ್ಡು ಮಾಡಿ ಆಗಿದೆ, ಈಗ ಖುಷಿಗೆ ನುಡಿಸ್ತಾರೆ ಅಷ್ಟೆ. ಮಾವ ಎರಡನ್ನೂ ಒಪ್ಪಲಿಲ್ಲ. "ಅದೇ ಕಣ್ರೋ ಅಸಲಿ ಶೋ. ಸ್ಟೇಡಿಯಂ ಬರೀ ಜಾಹೀರಾತು" ಅಂದರು.

ಐದನೆಯವನು ಏನೂ ಹೇಳಲಿಲ್ಲ. ನಮ್ಮಲ್ಲಿ ಗಿಟಾರ್ ನುಡಿಸೋದು ಅವನೊಬ್ಬನೇ. ಫೆಸ್ಟಿನ ದೊಡ್ಡ ಸ್ಟೇಜಿಗೆ ನಡೆದ ಆಡಿಷನ್‌ನಲ್ಲಿ ಎರಡನೇ ವರ್ಷವೂ ಅವನ ಬ್ಯಾಂಡ್ ಆಯ್ಕೆ ಆಗಿರಲಿಲ್ಲ. "ಮುಂದಿನ ವರ್ಷ ಹೇಗೂ ಪ್ಲೇಸ್‌ಮೆಂಟ್ ತಯಾರಿ. ಗಿಟಾರ್ ಊರಿಗೆ ಕಳಿಸಿಬಿಡ್ತೀನಿ" ಅಂತ ಅವನು ಆಗಲೇ ಹೇಳಿಯಾಗಿತ್ತು. ಹಾಗಾಗಿ ಲಂಡನ್, ನ್ಯೂಯಾರ್ಕ್ ಅಂತ ನಾವು ಎಷ್ಟೇ ಮಾತಾಡಿದರೂ, ಅವನ ಗಿಟಾರಿನ ಬಗ್ಗೆಯೂ ಮಾತಾಡ್ತಿದ್ದೀವಿ ಅನ್ನೋದು ಎಲ್ಲರಿಗೂ ಗೊತ್ತಿತ್ತು.

ವಾದಕ್ಕೆ ನಾವು ಹಿಡಿದುಕೊಂಡ ಹೆಸರು ಜೆಫ್ ಬೆಕ್. ಗೊತ್ತಿಲ್ಲದವರಿಗೆ ಎರಡು ಮಾತು. 1944ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದವರು. 1965ರಲ್ಲಿ ಯಾರ್ಡ್‌ಬರ್ಡ್ಸ್ ಬ್ಯಾಂಡಿನಲ್ಲಿ ಎರಿಕ್ ಕ್ಲಾಪ್ಟನ್ ಬಿಟ್ಟ ಜಾಗಕ್ಕೆ ಬಂದರು. ಆಮೇಲೆ ಅದೇ ಬ್ಯಾಂಡಿಗೆ ಜಿಮ್ಮಿ ಪೇಜ್ ಕೂಡ ಸೇರಿಕೊಂಡರು. ಮುಂದೆ ಕ್ಲಾಪ್ಟನ್ ಜಗತ್ತಿಗೆಲ್ಲ ಗೊತ್ತಾದರು, ಪೇಜ್ ಲೆಡ್ ಜೆಪ್ಪೆಲಿನ್ ಕಟ್ಟಿದರು. ಬೆಕ್ ಹೆಸರು ಮಾತ್ರ ಹೆಚ್ಚಾಗಿ ಗಿಟಾರ್ ನುಡಿಸೋರ ಬಾಯಲ್ಲೇ ಉಳಿಯಿತು.

2007ರ ನವೆಂಬರ್‌ನಲ್ಲಿ, 63ನೇ ವಯಸ್ಸಿನಲ್ಲಿ, ಬೆಕ್ ಲಂಡನ್ನಿನ ಸೋಹೋದಲ್ಲಿರೋ ರಾನಿ ಸ್ಕಾಟ್ಸ್ ಕ್ಲಬ್ಬಿನಲ್ಲಿ ಒಂದಾದ ಮೇಲೊಂದು ರಾತ್ರಿ ನುಡಿಸಿದರು. ಅದು 1959ರಲ್ಲಿ ಶುರುವಾದ ಜಾಝ್ ಕ್ಲಬ್ಬು. ಒಳಗೆ ಹಿಡಿಸೋದು ಇನ್ನೂರೈವತ್ತು ಜನರ ಆಸುಪಾಸು. ಸ್ಟೇಜಿನ ಮುಂದೆಯೇ ಟೇಬಲ್, ಟೇಬಲ್ ಮೇಲೆ ಚಿಕ್ಕ ದೀಪ. ಡ್ರಮ್ಸ್‌ನಲ್ಲಿ ವಿನ್ನಿ ಕೊಲಾಯುಟಾ, ಕೀಬೋರ್ಡ್‌ನಲ್ಲಿ ಜೇಸನ್ ರೆಬೆಲ್ಲೋ, ಬೇಸ್‌ನಲ್ಲಿ ಟಾಲ್ ವಿಲ್ಕನ್‌ಫೆಲ್ಡ್. ಟಾಲ್‌ಗೆ ಆಗ ಬರೀ ಇಪ್ಪತ್ತು ವರ್ಷ, ಅಂದರೆ ನಮಗಿಂತ ಒಂದು ವರ್ಷ ದೊಡ್ಡವಳು. ಆ ರಾತ್ರಿಗಳು ಆಮೇಲೆ ಆಲ್ಬಂ ಆಗಿ, ಡಿವಿಡಿ ಆಗಿ ಹೊರಗೆ ಬಂದವು. "ಸ್ಟೋನ್ಸ್‌ನ ಚಾರ್ಲಿ ವಾಟ್ಸ್ ಕೂಡ ಅಲ್ಲೇ ತನ್ನ ಜಾಝ್ ತಂಡ ಕಟ್ಕೊಂಡು ನುಡಿಸಿ ರೆಕಾರ್ಡ್ ಮಾಡಿದ್ದ. ಅಷ್ಟು ದೊಡ್ಡ ಬ್ಯಾಂಡಿನ ಡ್ರಮ್ಮರ್‌ಗೂ ಅಲ್ಲಿಗೆ ಹೋಗ್ಬೇಕು ಅನ್ನಿಸಿತ್ತು ನೋಡಿ" ಅಂತ ಮಾವ ಸೇರಿಸಿದರು.

ಅದೃಷ್ಟಕ್ಕೆ ಹೋಲಿಸಿ ನೋಡೋಕೆ ನಮಗೊಂದು ಒಳ್ಳೇ ಜೋಡಿ ಸಿಕ್ಕಿತು. ಅದೇ 2007ರ ಜುಲೈನಲ್ಲಿ, ಕ್ಲಾಪ್ಟನ್ ನಡೆಸೋ ಕ್ರಾಸ್‌ರೋಡ್ಸ್ ಗಿಟಾರ್ ಉತ್ಸವದಲ್ಲಿ, ಶಿಕಾಗೋ ಪಕ್ಕದ ಫುಟ್‌ಬಾಲ್ ಸ್ಟೇಡಿಯಂನಲ್ಲಿ ಇದೇ ನಾಲ್ಕು ಜನ ನುಡಿಸಿದ್ದರು. ಎರಡೂ ಕಡೆ "ಕಾಸ್ ವಿ ಹ್ಯಾವ್ ಎಂಡೆಡ್ ಆಸ್ ಲವರ್ಸ್" ನುಡಿಸಿದ್ದಾರೆ. ಸ್ಟೀವಿ ವಂಡರ್ ಬರೆದ ಟ್ಯೂನ್ ಅದು, ಬೆಕ್‌ರ 1975ರ "ಬ್ಲೋ ಬೈ ಬ್ಲೋ" ಆಲ್ಬಂನಲ್ಲಿದೆ. ಅದೇ ಬ್ಯಾಂಡ್, ಅದೇ ಟ್ಯೂನ್, ನಾಲ್ಕೇ ತಿಂಗಳ ಅಂತರ. ಬದಲಾಗಿದ್ದು ಜಾಗ ಒಂದೇ. ಲ್ಯಾಬ್‌ನಲ್ಲಿ ಎಕ್ಸ್‌ಪೆರಿಮೆಂಟ್ ಮಾಡೋವಾಗ ಹೇಳ್ತಾರಲ್ಲ, ಒಂದು ಬಿಟ್ಟು ಮಿಕ್ಕಿದ್ದೆಲ್ಲ ಹಾಗೇ ಇಡಿ ಅಂತ, ಹಾಗೆ.

ಎರಡನ್ನೂ ಒಂದರ ಹಿಂದೆ ಒಂದು ಹಾಕಿ ನೋಡಿದೆವು. ಶಿಕಾಗೋದಲ್ಲಿ ನುಡಿಸಿದ್ದು ಕಡಿಮೆ ಅಂತ ಯಾರೂ ಹೇಳೋಕಾಗಲ್ಲ. ಟಾಲ್‌ಳ ಸೋಲೋ ಮುಗಿದಾಗ ಜನ ಕೂಗೋದು ಕೇಳಿದರೆ ಈಗಲೂ ಮೈ ಜುಮ್ ಅನ್ನುತ್ತೆ. ಆದರೆ ಲಂಡನ್ ರೆಕಾರ್ಡಿಂಗ್‌ನಲ್ಲಿ ಇನ್ನೊಂದು ವಿಷಯ ಕೇಳಿಸುತ್ತೆ: ನಿಶ್ಶಬ್ದ. ಬೆಕ್ ಒಂದು ಸ್ವರ ಹಿಡಿದು, ಅದು ಸಣ್ಣಗಾಗಿ ಕರಗೋವರೆಗೂ ಕಾಯ್ತಾರೆ. ಇಡೀ ರೂಮು ಅವರ ಜೊತೆ ಕಾಯುತ್ತೆ.

ಇದಕ್ಕೆ ಕಾರಣ ಏನು ಅಂತ ಇಸಿಯ ಇಬ್ಬರು ಊಟದ ಟೇಬಲ್ ಮೇಲೇ ಲೆಕ್ಕ ಹಾಕಿದರು. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತೆ. ನೀವು ಸ್ಟೇಜಿನಿಂದ 100 ಮೀಟರ್ ದೂರ ಇದ್ದರೆ ಅಲ್ಲಿನ ಶಬ್ದ ನಿಮಗೆ ಬರೋಕೆ ಸುಮಾರು 0.3 ಸೆಕೆಂಡ್ ಬೇಕು. ಪರದೆ ಮೇಲೆ ಕೈ ಮೊದಲು ಕಾಣುತ್ತೆ, ಸ್ವರ ಆಮೇಲೆ ಬರುತ್ತೆ. ಇನ್ನು ಬಯಲಿನಲ್ಲಿ ದೂರ ಎರಡು ಪಟ್ಟಾದರೆ ಶಬ್ದದ ಮಟ್ಟ 6 ಡೆಸಿಬಲ್ ಇಳಿಯುತ್ತೆ. ಅದಕ್ಕೇ ದೊಡ್ಡ ಮೈದಾನದಲ್ಲಿ ಮಧ್ಯೆ ಮಧ್ಯೆ ಬೇರೆ ಸ್ಪೀಕರ್ ಗೋಪುರ ನಿಲ್ಲಿಸಿ, ಸ್ಟೇಜಿನ ಶಬ್ದಕ್ಕೆ ಹೊಂದೋ ಹಾಗೆ ಸ್ವಲ್ಪ ತಡ ಮಾಡಿ ಬಿಡ್ತಾರೆ. ಕ್ಲಬ್ಬಿನಲ್ಲಿ 6 ಮೀಟರ್ ದೂರ ಕೂತವರಿಗೆ ಅದೇ ಸ್ವರ 20 ಮಿಲಿಸೆಕೆಂಡ್‌ಗಿಂತ ಮೊದಲೇ ತಲುಪುತ್ತೆ. ಕೈ ಮತ್ತು ಸ್ವರ ಒಟ್ಟಿಗೇ.

ಮುಖ್ಯ ವಿಷಯ ಇನ್ನೊಂದಿದೆ. ಸಾವಿರಾರು ಜನರ ಗದ್ದಲದ ಮೇಲೆ ಕೇಳಿಸಬೇಕು ಅಂದರೆ ಎಲ್ಲವನ್ನೂ ಜೋರು ಮಾಡಬೇಕು. ತೀರಾ ಮೆತ್ತಗಿನ ಸ್ವರ ಅಲ್ಲಿ ಬದುಕಲ್ಲ. ಬೆಕ್‌ರ ಆಟ ಇರೋದೇ ಆ ಮೆತ್ತಗಿನ ಜಾಗದಲ್ಲಿ. ಅವರು ಪಿಕ್ ಬಿಟ್ಟು ಹೆಬ್ಬೆರಳು, ಬೆರಳುಗಳಲ್ಲೇ ತಂತಿ ಮೀಟ್ತಿದ್ದರು. ಬಲಗೈ ಕಿರುಬೆರಳು ವಾಲ್ಯೂಮ್ ಗುಂಡಿ ಮೇಲೆ. ಅದೇ ಅಂಗೈಯಲ್ಲಿ ಟ್ರೆಮೊಲೊ ಕಡ್ಡಿ ಒತ್ತಿ, ಎತ್ತಿ ಸ್ವರವನ್ನ ಬಗ್ಗಿಸ್ತಿದ್ದರು. ಒಂದೇ ಕೈಯಲ್ಲಿ ಮೂರು ಕೆಲಸ.

ಅದನ್ನ ಕೇಳಬೇಕು ಅಂದರೆ ಅದೇ ಲಂಡನ್ ರೆಕಾರ್ಡಿಂಗ್‌ನಲ್ಲಿರೋ "ನಾದಿಯಾ" ಕೇಳಿ. ಇಂಗ್ಲೆಂಡಿನಲ್ಲಿ ಹುಟ್ಟಿದ, ಭಾರತೀಯ ಮೂಲದ ನಿತಿನ್ ಸಾಹ್ನಿ ಅವರ 1999ರ ಆಲ್ಬಂನ ಹಾಡು ಅದು. ಮೂಲದಲ್ಲಿ ಸ್ವಾತಿ ನಾಟೇಕರ್ ಹಾಡಿದ್ದಾರೆ. ಬೆಕ್ ಆ ದನಿಯನ್ನೇ ಗಿಟಾರಿಗೆ ಇಳಿಸಿದ್ದಾರೆ. ನಮ್ಮ ಸಿವಿಲ್‌ನವಳು ಎಂಟು ವರ್ಷ ಕರ್ನಾಟಕ ಸಂಗೀತ ಕಲಿತವಳು. ಮೊದಲ ಸಲ ಕೇಳಿದಾಗ ಇಯರ್‌ಫೋನ್ ತೆಗೆದು, "ಇದು ಜಾರು ಕಣೋ, ಒಂದು ಸ್ವರದಿಂದ ಇನ್ನೊಂದಕ್ಕೆ ಕಾಲಿಡ್ತಿಲ್ಲ, ಜಾರ್ತಾ ಇದ್ದಾನೆ" ಅಂದಳು. ಅವಳ ಟೀಚರ್ ಮನೆಯ ಕಚೇರಿಯಲ್ಲಿ ಮೂವತ್ತು ಜನ ಚಾಪೆ ಮೇಲೆ ಕೂತು ವೀಣೆ ಕೇಳಿದ್ದು ಅವಳಿಗೆ ನೆನಪಿತ್ತು. ವೀಣೆಯ ಗಮಕ ಮೈಕಿಲ್ಲದೆ ಹತ್ತಿರದಿಂದ ಕೇಳಿದವರಿಗೆ ಚಿಕ್ಕ ರೂಮು ಯಾಕೆ ಬೇಕು ಅಂತ ವಿವರಿಸಬೇಕಿಲ್ಲ.

ರಿಟೈರ್‌ಮೆಂಟ್ ಪಕ್ಷದವರು ಸುಲಭಕ್ಕೆ ಸೋಲಲಿಲ್ಲ. "ಬೆಕ್‌ಗೆ ಕ್ಲಾಪ್ಟನ್ ಥರ ಜನ ಸೇರ್ತಿರಲಿಲ್ಲ, ಅದಕ್ಕೆ ಕ್ಲಬ್ಬು" ಅಂದರು. ಆಗ ಮಾವ ಡಿವಿಡಿಯ ಇನ್ನೊಂದು ಭಾಗ ಹಾಕಿದರು. ಅತಿಥಿಯಾಗಿ ಬಂದು ಮಡ್ಡಿ ವಾಟರ್ಸ್‌ರ ಎರಡು ಬ್ಲೂಸ್ ಹಾಡು ಹಾಡಿ, ಬೆಕ್ ಪಕ್ಕ ನಿಂತು ನುಡಿಸಿದ್ದು ಸ್ವತಃ ಕ್ಲಾಪ್ಟನ್! ಎರಡೇ ವರ್ಷದ ಹಿಂದೆ, 2005ರಲ್ಲಿ, ಕ್ರೀಮ್ ಬ್ಯಾಂಡಿನ ಜೊತೆ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ನುಡಿಸಿದ ಮನುಷ್ಯ. "ಇವನೇನು ಸ್ಟೇಜ್ ಸಿಗದೆ ಬಂದ್ನಾ?" ಅಂದರು ಮಾವ. ಉತ್ತರ ಬರಲಿಲ್ಲ.

ಆದರೆ ವಾದದ ದಿಕ್ಕು ಬದಲಾಗಿದ್ದು ಬೆಕ್‌ರಿಂದ ಅಲ್ಲ, ಬೆಕ್‌ಗೇ ಗುರುವಿನಂತಿದ್ದ ಲೆಸ್ ಪಾಲ್‌ರಿಂದ. ಗಿಬ್ಸನ್ ಲೆಸ್ ಪಾಲ್ ಗಿಟಾರ್ ಹೆಸರು ಕೇಳಿರ್ತೀರಿ. ಅದು 1952ರಲ್ಲಿ ಬಂತು. ಆ ಹೆಸರಿನ ಮನುಷ್ಯ ಹುಟ್ಟಿದ್ದು 1915ರಲ್ಲಿ, ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ. ನಮ್ಮ ಬ್ರಾಂಚಿನವರಿಗೆ ಹೇಳಿ ಮಾಡಿಸಿದ ಜನ. 1940ರ ಆಸುಪಾಸಿನಲ್ಲಿ ಎಪಿಫೋನ್ ಗಿಟಾರ್ ಫ್ಯಾಕ್ಟರಿಯಲ್ಲಿ ಭಾನುವಾರ ಕೂತು, ಒಂದು ಪೈನ್ ಮರದ ತೊಲೆಗೆ ತಂತಿ, ಪಿಕಪ್ ಜೋಡಿಸಿ ಗಿಟಾರ್ ಮಾಡಿದರು. ಹೆಸರೂ ಹಾಗೇ: "ಲಾಗ್", ಮರದ ದಿಮ್ಮಿ. ನೋಡೋಕೆ ಗಿಟಾರ್ ಥರ ಇರಲಿ ಅಂತ ಎರಡು ಪಕ್ಕಕ್ಕೂ ಬೇರೆ ಗಿಟಾರಿನ ಹೋಳು ಅಂಟಿಸಿದರು. 1948ರಲ್ಲಿ ಕಾರ್ ಅಪಘಾತದಲ್ಲಿ ಬಲ ಮೊಣಕೈ ಪುಡಿಯಾಯಿತು. ಕೈ ಮತ್ತೆ ಬಗ್ಗೋದಿಲ್ಲ ಅಂತ ಗೊತ್ತಾದಾಗ, ಗಿಟಾರ್ ಹಿಡಿಯೋಕೆ ಅನುಕೂಲ ಆಗೋ ಕೋನದಲ್ಲೇ ಅದನ್ನ ಕೂರಿಸಿಕೊಂಡರು. ಒಬ್ಬರೇ ನುಡಿಸಿದ ಹಲವು ಗಿಟಾರ್‌ಗಳನ್ನ ಒಂದರ ಮೇಲೊಂದು ರೆಕಾರ್ಡ್ ಮಾಡೋ ವಿಧಾನವನ್ನ ಬೆಳೆಸಿದವರಲ್ಲಿ ಇವರೇ ಮುಂಚೂಣಿ.

ಇಷ್ಟೆಲ್ಲ ಆದ ಮೇಲೆ, 1980ರಲ್ಲಿ ಹೃದಯದ ಬೈಪಾಸ್ ಆಪರೇಷನ್ ಆಯಿತು. 1984ರಿಂದ ಅವರು ನ್ಯೂಯಾರ್ಕಿನ ಫ್ಯಾಟ್ ಟ್ಯೂಸ್‌ಡೇಸ್ ಅನ್ನೋ ಚಿಕ್ಕ ಕ್ಲಬ್ಬಿನಲ್ಲಿ ಪ್ರತಿ ಸೋಮವಾರ ನುಡಿಸೋಕೆ ಶುರು ಮಾಡಿದರು. 1995ರಲ್ಲಿ ಅದು ನಿಂತಿತು. 1996ರಿಂದ ಇರಿಡಿಯಂ ಕ್ಲಬ್ಬಿನಲ್ಲಿ ಮತ್ತೆ ಸೋಮವಾರ, ಒಂದೇ ರಾತ್ರಿ ಎರಡು ಶೋ. 2009ರ ಆಗಸ್ಟ್‌ನಲ್ಲಿ, 94ನೇ ವಯಸ್ಸಿನಲ್ಲಿ ತೀರಿಕೊಳ್ಳೋ ವರ್ಷದವರೆಗೂ. ಅಷ್ಟರಲ್ಲಿ ಸಂಧಿವಾತದಿಂದ ಎಡಗೈಯಲ್ಲಿ ಸರಿಯಾಗಿ ಕೆಲಸ ಮಾಡ್ತಿದ್ದದ್ದು ಎರಡೇ ಬೆರಳು. ಮೊದಲಿನ ವೇಗದ ಸ್ವರಗಳು ಹೋದವು. ಉಳಿದ ಎರಡು ಬೆರಳಿಗೆ ತಕ್ಕ ಹಾಗೆ ಟ್ಯೂನನ್ನೇ ಹೊಸದಾಗಿ ಹೊಂದಿಸಿಕೊಂಡರು. ಮಧ್ಯೆ ಮಧ್ಯೆ ಜೋಕ್ ಹೇಳಿದರು. ಸ್ಲ್ಯಾಶ್, ಸ್ಟೀವ್ ಮಿಲ್ಲರ್ ಥರದವರು ಬಂದು ಪಕ್ಕದಲ್ಲಿ ನುಡಿಸಿ ಹೋಗ್ತಿದ್ದರು.

ನಾವು ಲೆಕ್ಕ ಹಾಕಿದೆವು. 25 ವರ್ಷ. ರಜೆ, ಕಾಯಿಲೆ ಎಲ್ಲ ಕಳೆದು ವರ್ಷಕ್ಕೆ ಬರೀ ನಲವತ್ತು ಸೋಮವಾರ ಅಂದರೂ ಸಾವಿರ ಸೋಮವಾರ! ಯಾವ ಸ್ಟೇಡಿಯಂ ಟೂರಿನಲ್ಲೂ ಇದು ಆಗೋ ಮಾತಲ್ಲ. ಎರಡು ಬೆರಳಲ್ಲಿ ಹೇಗೆ ನುಡಿಸೋದು ಅಂತ ಸ್ಟೇಡಿಯಂನಲ್ಲಿ ಹುಡುಕೋಕಾಗಲ್ಲ. ಅಲ್ಲಿ ಬರೀ ಗೊತ್ತಿರೋದನ್ನ ತೋರಿಸಬಹುದು. ಹುಡುಕೋಕೆ ಪ್ರತಿ ವಾರ ಅದೇ ಮೂಲೆ, ಅದೇ ಆಂಪ್, ಎದುರಿಗೆ ಮುಖ ಕಾಣೋ ಅಷ್ಟು ಜನ ಬೇಕು. ಈ ಮಾತಿಗೆ ರಿಟೈರ್‌ಮೆಂಟ್ ಪಕ್ಷದವರೂ ತಲೆಯಾಡಿಸಿದರು. ಮರುವರ್ಷ, 2010ರ ಜೂನ್‌ನಲ್ಲಿ, ಲೆಸ್ ಪಾಲ್‌ರ 95ನೇ ಹುಟ್ಟುಹಬ್ಬದ ಹೊತ್ತಿಗೆ ಅದೇ ಇರಿಡಿಯಂಗೆ ಹೋಗಿ ಅವರ ನೆನಪಿಗೆ ನುಡಿಸಿದ್ದು ಯಾರು? ಜೆಫ್ ಬೆಕ್.

ಇಷ್ಟು ಹೇಳಿದ ಮೇಲೆ ಒಂದು ತಕರಾರನ್ನೂ ಹೇಳಲೇಬೇಕು. ಚಿಕ್ಕ ರೂಮು ಅಂದರೆ ಸೀಟು ಕಡಿಮೆ. ಇನ್ನೂರೈವತ್ತು ಜನ ಒಳಗಿದ್ದರೆ ಮಿಕ್ಕವರೆಲ್ಲ ಹೊರಗೆ. ಅರಮನೆ ಮೈದಾನದಲ್ಲಿ ಮಾವನಂಥವರಿಗೆ ದೂರದಲ್ಲಾದರೂ ಒಂದು ಜಾಗ ಇತ್ತು. ನಮ್ಮ ಬೆಂಗಳೂರಿನಲ್ಲೂ ಥರ್ಮಲ್ ಅಂಡ್ ಎ ಕ್ವಾರ್ಟರ್ ಥರ 1996ರಿಂದ ನುಡಿಸ್ತಾ ಇರೋ ಬ್ಯಾಂಡ್‌ಗಳಿವೆ. ಅಂಥವರನ್ನ ಹತ್ತಿರದಿಂದ ಕೇಳೋ ಜಾಗಗಳಲ್ಲಿ ಹೆಚ್ಚಿನವು ಪಬ್ಬುಗಳು. ಹತ್ತೊಂಬತ್ತರ ನಮ್ಮನ್ನ ಬಾಗಿಲಲ್ಲೇ ಐಡಿ ಕೇಳಿ ವಾಪಸ್ ಕಳಿಸ್ತಾರೆ. ಒಮ್ಮೆ ಹಾಗೆ ಹೊರಗೆ ಫುಟ್‌ಪಾತಿನಲ್ಲಿ ನಿಂತು, ಗೋಡೆ ದಾಟಿ ಬರ್ತಿದ್ದ ಬೇಸ್ ಮಾತ್ರ ಕೇಳಿಸಿಕೊಂಡು ಮೆಟ್ರೋ ಹತ್ತಿದ್ದೀವಿ. ಬೆಕ್ 2023ರ ಜನವರಿಯಲ್ಲಿ ಹೋಗಿಬಿಟ್ಟರು. ನಮ್ಮಲ್ಲಿ ಹೆಚ್ಚಿನವರು ಅವರನ್ನ ಕೇಳೋಕೆ ಶುರು ಮಾಡಿದ್ದೇ ಆಮೇಲೆ. ಅವರಿದ್ದ ರೂಮಿನಲ್ಲಿ ಕೂರೋದು ಇನ್ನು ಆಗದ ಮಾತು.

ಹಾಗಾದರೆ ನಮ್ಮ ಪಾಲಿಗೆ ಉಳಿದದ್ದೇನು ಅಂತ ಯೋಚಿಸ್ತಿದ್ದಾಗ ಮಾವ ನಮ್ಮ ಗಿಟಾರಿನವನ ಕಡೆ ತಿರುಗಿದರು.

"ಎರಡು ವರ್ಷದಲ್ಲಿ ಜನರ ಮುಂದೆ ಎಷ್ಟು ಹೊತ್ತು ನುಡಿಸಿದ್ದೀಯೋ?"

"ಎರಡು ಆಡಿಷನ್ ಮಾವ. ಒಂದೊಂದು ನಾಲ್ಕು ನಿಮಿಷ."

"ಎಂಟು ನಿಮಿಷ. ಎಂಟು ನಿಮಿಷಕ್ಕೆ ಗಿಟಾರ್ ಊರಿಗೆ ಕಳಿಸ್ತೀಯಾ?"

ಅವನು ನಕ್ಕ. ನಾವೂ ನಕ್ಕೆವು. ಆದರೆ ಆ ಎಂಟು ನಿಮಿಷ ನಮ್ಮೆಲ್ಲರನ್ನೂ ಚುಚ್ಚಿತು. ಸಿಜಿಪಿಎ, ಪ್ಯಾಕೇಜ್, ಫಾಲೋವರ್ಸ್, ಎಲ್ಲದರಲ್ಲೂ ದೊಡ್ಡ ಸ್ಟೇಜಿಗೆ ಆಯ್ಕೆ ಆಗ್ತೀವಾ ಇಲ್ವಾ ಅಂತ ನೋಡೋದು ನಮಗೆ ಅಭ್ಯಾಸ ಆಗಿದೆ. ಆಗದಿದ್ದರೆ ಕೆಲಸವನ್ನೇ ಬಿಡ್ತೀವಿ. ಲೆಸ್ ಪಾಲ್‌ರಿಗೆ ಸಿಕ್ಕ ಸಾವಿರ ಸೋಮವಾರಕ್ಕೆ ಯಾರ ಆಡಿಷನ್ನೂ ಬೇಕಾಗಿರಲಿಲ್ಲ. ಒಂದು ರೂಮು, ಒಂದು ವಾರ, ಮತ್ತೆ ಇನ್ನೊಂದು ವಾರ ಬೇಕಾಗಿತ್ತು.

ಕನ್ನಡ ಸಂಘದ ರೂಮು ಸೋಮವಾರ ಸಂಜೆ ಆರೂವರೆ ಮೇಲೆ ಖಾಲಿ ಇರುತ್ತೆ ಅಂತ ಗೊತ್ತಾಯಿತು. ಅನುಮತಿ ಕೇಳಿದೆವು, ಸಿಕ್ಕಿತು. ಆಂಪ್ 15 ವ್ಯಾಟ್‌ದು, ಆ ರೂಮಿಗೆ ಅದೂ ಜಾಸ್ತಿಯೇ. ಮೊದಲ ಸೋಮವಾರ ಹನ್ನೊಂದು ಜನ ಬಂದರು. ಮೂವರು ಲ್ಯಾಬ್ ರೆಕಾರ್ಡ್ ಬರೆಯೋದಿದೆ ಅಂತ ಮಧ್ಯದಲ್ಲೇ ಎದ್ದು ಹೋದರು. ಎರಡನೇ ಸೋಮವಾರ ಒಂಬತ್ತು. ಕಳೆದ ವಾರ ಇಂಟರ್ನಲ್ಸ್ ಇತ್ತು, ಆದರೂ ಆರು ಜನ. ಅವನು "ನಾದಿಯಾ" ಪ್ರಯತ್ನ ಮಾಡಿದ. ಜಾರು ಎರಡು ಕಡೆ ಸರಿಯಾಗಿ ಬಂತು, ಮೂರು ಕಡೆ ಬರಲಿಲ್ಲ. ಎಲ್ಲೆಲ್ಲಿ ಬರಲಿಲ್ಲ ಅಂತ ಸಿವಿಲ್‌ನವಳು ಹಾಡಿ ತೋರಿಸಿದಳು.

ಕುರ್ಚಿ ಇಪ್ಪತ್ತಿವೆ. ಹಾಗಾಗಿ ಈ ಸೋಮವಾರ ನೀವೂ ಬರಬಹುದು. ಐಡಿ ಯಾರೂ ಕೇಳಲ್ಲ.