ಕಣದಿಂದ ಮನೆತನಕ

ವಿಜಯಪುರ ಸೀಮೆಯ ಎರೆ ಹೊಲದಲ್ಲಿ ಬಿಳಿಜೋಳಕ್ಕೆ ನೀರು ಹಾಯಿಸುವ ರೂಢಿ ಕಡಿಮೆ. ಉತ್ತರಿ, ಹಸ್ತ ಮಳೆಗೆ ನೆಲ ಹದವಾದಾಗ ಬಿತ್ತಿ ಬಂದರೆ ಸಾಕು. ಎರೆ ಹಿಡಿದಿಟ್ಟುಕೊಂಡ ತೇವ, ಚಳಿಗಾಲದ ಇಬ್ಬನಿ, ಇಷ್ಟರಲ್ಲೇ ಪೈರು ಆಳೆತ್ತರಕ್ಕೆ ಬರುತ್ತದೆ. ಡೋಣಿ ಹೊಳೆಯ ಬಯಲನ್ನು ಕುರಿತ ‘ಡೋಣಿ ಬೆಳೆದರೆ ಓಣೆಲ್ಲ ಜೋಳ’ ಎನ್ನುವ ಮಾತು ಈ ಮಣ್ಣಿನ ಮೇಲಿನ ಭರವಸೆಯಿಂದಲೇ ಹುಟ್ಟಿದ್ದು. ಅಷ್ಟು ತಿಂಗಳು ಮಣ್ಣು ಕೈಬಿಡುವುದಿಲ್ಲ. ಎದೆ ಡವಡವ ಎನ್ನುವುದು ಕೊನೆಯ ಹದಿನೈದು ದಿನ, ತೆನೆ ಬಲಿತು ಜೋಳ ಕಿತ್ತು ಹಾಕಿದ ಮೇಲೆ.

ನಮ್ಮಲ್ಲಿ ಜೋಳವನ್ನು ಬೇರುಸಹಿತ ಕೀಳುತ್ತಾರೆ. ಎಳೆದೆಳೆದು ಅಂಗೈ ಬೊಬ್ಬೆ ಬರುತ್ತದೆ. ಕಿತ್ತದ್ದನ್ನು ಸಾಲಿನಲ್ಲಿ ಒಣಗಲು ಬಿಟ್ಟು, ಸೂಡು ಕಟ್ಟಿ, ತೆನೆ ಮುರಿದು ಕಣಕ್ಕೆ ಹಾಕಬೇಕು. ಹಿಂದೆ ಮೇಟಿ ಸುತ್ತ ಎತ್ತುಗಳ ಹಂತಿ ಕಟ್ಟಿ, ರಾತ್ರಿಯಿಡೀ ಹಾಡುತ್ತ ತೆನೆ ತುಳಿಸುತ್ತಿದ್ದರು. ಗಾಳಿಗಾಗಿ ಕಾದು ತೂರುತ್ತಿದ್ದರು. ಈಗ ಮಷಿನ್ ಬಂದು ಅರ್ಧ ದಿನದಲ್ಲಿ ಕಾಳು, ಹೊಟ್ಟು ಬೇರೆ ಮಾಡಿ ಹೋಗುತ್ತದೆ. ಆದರೆ ತೆನೆ ಒಣಗುವುದಕ್ಕೆ ಬೇಕಾದ ಬಿಸಿಲನ್ನು ಯಾವ ಮಷಿನ್ನೂ ಕೊಡುವುದಿಲ್ಲ. ಅದೂ ಅಲ್ಲದೆ ಮಷಿನ್ ಎಲ್ಲರಿಗೂ ಒಂದೇ ವಾರ ಬೇಕು. ಪಾಳಿ ಬರುವತನಕ ತೆನೆಯ ಗುಡ್ಡೆ ಬಯಲಲ್ಲೇ ಬಿದ್ದಿರಬೇಕು.

ಹಿಂಗಾರಿ ಮಳೆ ಜಾಸ್ತಿಯಾಗಿ ನೆಲ ಆರದಿದ್ದ ವರ್ಷ ಬಿತ್ತನೆ ತಡವಾಗುತ್ತದೆ. ಶಿವರಾತ್ರಿ ಹೊತ್ತಿಗೆ ಮುಗಿಯಬೇಕಾದ ರಾಶಿ ಹೋಳಿ ದಾಟಿ ಯುಗಾದಿಯತ್ತ ಸರಿಯುತ್ತದೆ. ಅಲ್ಲೇ ಅಡ್ಡಮಳೆ ಕಾದಿರುತ್ತದೆ. ಮಾರ್ಚ್ ಬಿಸಿಲಿಗೆ ನೆಲ ಕಾದು ಗಾಳಿ ಮೇಲೇಳುತ್ತದೆ. ವಿದರ್ಭದಿಂದ ನಮ್ಮ ಒಳನಾಡಿನವರೆಗೆ ಕಡಿಮೆ ಒತ್ತಡದ ಪಟ್ಟಿ ಚಾಚಿತೆಂದರೆ ಕಡಲಿನ ತೇವಗಾಳಿ ಇತ್ತ ನುಗ್ಗುತ್ತದೆ. ಬೆಳಗ್ಗೆ ಬಣ್ಣವಿಲ್ಲದ ಆಕಾಶ, ಮಧ್ಯಾಹ್ನ ಉಸಿರು ಕಟ್ಟುವ ಧಗೆ, ನಾಲ್ಕರ ಮೇಲೆ ಮೂಡಣದಲ್ಲಿ ಮೋಡದ ಗೋಡೆ. ಹವಾಮಾನದ ಮುನ್ಸೂಚನೆ ಈಗ ಮೊಬೈಲಿಗೇ ಬರುತ್ತದೆ, ಒಳ್ಳೆಯದೇ. ಆದರೂ ಗುಡುಗು ಮಳೆ ನಮ್ಮ ಹೊಲದ ಮೇಲೆ ಸುರಿಯುತ್ತದೋ ಪಕ್ಕದೂರಿನ ಮೇಲೋ ಎಂಬುದು ಮೊದಲ ಹನಿ ಬೀಳುವತನಕ ಗೊತ್ತಾಗುವುದಿಲ್ಲ.

2014ರ ಫೆಬ್ರುವರಿ ಕೊನೆಯಲ್ಲಿ ಶುರುವಾಗಿ ಮಾರ್ಚ್‌ ನಡುವಿನತನಕ ಮಹಾರಾಷ್ಟ್ರದಲ್ಲೂ ಉತ್ತರ ಕರ್ನಾಟಕದಲ್ಲೂ ಸುರಿದ ಆಲಿಕಲ್ಲು ಮಳೆಯನ್ನು ಈ ಭಾಗದ ರೈತರು ಇನ್ನೂ ಮರೆತಿಲ್ಲ. ನಿಂತ ಜೋಳ ಮಲಗಿತು, ದ್ರಾಕ್ಷಿ ಗೊನೆಗಳು ಉದುರಿ ಮಣ್ಣುಪಾಲಾದವು. ಅಂಥ ದೊಡ್ಡ ಅನಾಹುತ ಪತ್ರಿಕೆಗೆ ಬರುತ್ತದೆ. ನನಗೆ ಹೆಚ್ಚು ಸಂಕಟವಾಗುವುದು ಯಾವ ಪತ್ರಿಕೆಗೂ ಬಾರದ ಅರ್ಧ ಗಂಟೆಯ ಮಳೆಯಿಂದ. ಅದು ಬಡಿಯುವುದು ಒಬ್ಬಿಬ್ಬರ ಕಣವನ್ನು ಮಾತ್ರ.

ಮೋಡ ಏರುವ ಹೊತ್ತಿನ ಕಣವನ್ನು ಒಮ್ಮೆ ನೋಡಬೇಕು. ಕಾಳಿನ ರಾಶಿ ಮೇಲೆ ತಾಡಪತ್ರಿ ಎಳೆದು, ನಾಲ್ಕೂ ಮೂಲೆಗೆ ಕಲ್ಲು ಹೇರುತ್ತಾರೆ. ಇಬ್ಬರು ಚೀಲದ ಬಾಯಿ ಹಿಡಿದರೆ ಒಬ್ಬ ತುಂಬುತ್ತಾನೆ, ಇನ್ನೊಬ್ಬ ಡಬ್ಬಣದಲ್ಲಿ ಸುತಳಿ ಪೋಣಿಸಿ ಹೊಲಿಯುತ್ತಾನೆ. ಆ ಗಡಿಬಿಡಿಯಲ್ಲೂ ಕಣದೊಳಗೆ ಯಾರೂ ಚಪ್ಪಲಿ ಮೆಟ್ಟುವುದಿಲ್ಲ. “ಮುಗಿಲ ನೋಡ್ಕೋತ ನಿಂದ್ರಬ್ಯಾಡ್ರೆವಾ, ಕೈ ಜಾಡಿಸ್ರಿ” ಎಂದು ಹಿರಿಯಳೊಬ್ಬಳು ಕೂಗುತ್ತಾಳೆ. ಟ್ರ್ಯಾಕ್ಟರ್ ಹುಡುಗ ಎಂಜಿನ್ ಬಂದ್ ಮಾಡದೆ ಕುಳಿತಿರುತ್ತಾನೆ. “ಕಾಕಾ, ಹನಿ ಬೀಳೂದ್ರಾಗ ಡಾಂಬರ ರಸ್ತಾ ಮುಟ್ಟಬೇಕ್ರಿ. ಆಮ್ಯಾಲ ಈ ಎರಿ ನನ್ನ ಗಾಡಿ ಬಿಡಾಂಗಿಲ್ಲ.”

ಅವನ ಮಾತು ಅಕ್ಷರಶಃ ನಿಜ. ಒಣಗಿದಾಗ ಕಾಲು ಹೊಗುವಷ್ಟು ಬಿರಿಯುವ ಎರೆ, ನೆನೆದಾಗ ಗಾಲಿಗೆ ಮೆತ್ತಿಕೊಳ್ಳುತ್ತದೆ. ಒಂದೊಂದು ಸುತ್ತಿಗೂ ಪದರ ದಪ್ಪವಾಗಿ ಗಾಲಿ ಮಡ್‌ಗಾರ್ಡಿಗೆ ಕಚ್ಚುತ್ತದೆ, ಟ್ರಾಲಿ ಅಚ್ಚಿನತನಕ ಹೂಳುತ್ತದೆ. ಆಮೇಲೆ ಬಿಸಿಲು ಬಿದ್ದು ನೆಲ ಗಟ್ಟಿಯಾಗುವವರೆಗೆ ಚೀಲಗಳು ಹೊಲದಲ್ಲೇ. ‘ನಮ್ಮ ಹೊಲ ನಮ್ಮ ದಾರಿ’ ಯೋಜನೆಯಲ್ಲಿ ಗರಸು ಹಾಕಿದ ದಾರಿ ಎಲ್ಲೆಲ್ಲಿ ಬಂತೋ ಅಲ್ಲೆಲ್ಲ ಈ ಗೋಳು ಕಡಿಮೆಯಾಗಿದೆ. ಹೊಲದ ದಾರಿಗಿಂತ ದೊಡ್ಡ ಉಪಕಾರ ಎರೆ ಸೀಮೆಯ ರೈತನಿಗೆ ಇನ್ನೊಂದಿಲ್ಲ ಎಂದೇ ನನ್ನ ಎಣಿಕೆ.

ತೊಯ್ದ ಜೋಳದ ಗತಿ ಪೇಟೆಯಲ್ಲಿ ತಿಳಿಯುತ್ತದೆ. ಅಡತಿ ಅಂಗಡಿಯವರು ಚೀಲದಿಂದ ಒಂದು ಹಿಡಿ ತೆಗೆದು ಅಂಗೈ ಮೇಲೆ ಹರಡಿ ಹೊಳಪು ನೋಡುತ್ತಾರೆ. ಎರಡು ಕಾಳು ಹಲ್ಲಿಗಿಟ್ಟು ಕಡಿಯುತ್ತಾರೆ. ಕಟ್ ಎಂದರೆ ಒಣಗಿದೆ, ಮೆತ್ತಗೆ ಒಡೆದರೆ ತೇವವಿದೆ. ಮಾಲ್ದಂಡಿ ಜೋಳದ ಬೆಲೆ ನಿಂತಿರುವುದೇ ಆ ಮುತ್ತಿನಂಥ ಬಿಳುಪಿನ ಮೇಲೆ. ಒಮ್ಮೆ ನೆನೆದು ಕಾಳಿಗೆ ಕಪ್ಪು ತಗುಲಿತೋ, ರೊಟ್ಟಿಯ ಜೋಳ ಕೋಳಿಯ ಮೇವಿನ ದರಕ್ಕೆ ಇಳಿಯುತ್ತದೆ. 2025-26ಕ್ಕೆ ಮಾಲ್ದಂಡಿಗೆ ಸರ್ಕಾರ ಕಟ್ಟಿದ ಬೆಂಬಲ ಬೆಲೆ ಕ್ವಿಂಟಲಿಗೆ 3749 ರೂಪಾಯಿ. ಖರೀದಿ ಕೇಂದ್ರದಲ್ಲಿ ತೇವಾಂಶ ಶೇ 14 ದಾಟಬಾರದು, ಕಾಳು ಕಪ್ಪಾಗಿರಬಾರದು. ಆ ನಿಯಮ ತಪ್ಪೆಂದು ನಾನು ಹೇಳಲಾರೆ. ನೆನೆದ ಕಾಳನ್ನು ಗೋದಾಮಿಗೆ ಹಾಕಿದರೆ ಬೂಸಲು ಬರುವುದು ಖಂಡಿತ. ಆದರೆ ಒಣಗಿಸಲು ಜಾಗ ಕೊಡದೆ ಒಣಗಿದ್ದನ್ನೇ ತಾ ಎಂದರೆ ರೈತ ಎಲ್ಲಿಗೆ ಹೋಗಬೇಕು? ಕೊನೆಗೆ ಹಲವರು ಡಾಂಬರ ರಸ್ತೆಯ ಅಂಚಿನಲ್ಲೇ ಕಾಳು ಹರಡಿ, ರಾತ್ರಿ ಲಾರಿಗಳ ದೀಪದ ಮುಂದೆ ಕಾವಲು ಕೂರುತ್ತಾರೆ. ಇದು ಜೀವಕ್ಕೆ ಅಪಾಯ.

ಕಾಳಿನ ಚಿಂತೆಯಲ್ಲಿ ಕಣಿಕೆಯ ಮಾತು ಹಿಂದೆ ಬೀಳುತ್ತದೆ. ಬಣವಿ ಒಟ್ಟುವ ಮೊದಲೇ ಸೂಡು ತೊಯ್ದರೆ ಕಣಿಕೆ ಕಪ್ಪಾಗುತ್ತದೆ, ಎತ್ತು ಮೂಸಿ ಮುಖ ತಿರುಗಿಸುತ್ತದೆ. ಮುಂದಿನ ಮುಂಗಾರಿನತನಕ ದನಗಳ ಹೊಟ್ಟೆ ಅದರ ಮೇಲೇ ಅವಲಂಬಿಸಿದೆ. ನಾನು ಕಂಡ ಮನೆಗಳಲ್ಲಿ ದನ ಮಾರುವ ನಿರ್ಧಾರ ಹುಟ್ಟುವುದು ಹೆಚ್ಚಾಗಿ ಇಂಥ ಮಳೆಯ ಮರುದಿನವೇ.

ಆದ್ದರಿಂದ ರೈತ ಬಂಧುಗಳಲ್ಲಿ ಒಂದು ಮಾತು. ಫಸಲ್ ಬಿಮಾ ಕಟ್ಟಿದ್ದರೆ, ಕಿತ್ತು ಹೊಲದಲ್ಲಿ ಒಣಗಲು ಬಿಟ್ಟ ಬೆಳೆ 14 ದಿನದೊಳಗೆ ಆಲಿಕಲ್ಲಿಗೋ ಅಕಾಲಿಕ ಮಳೆಗೋ ಹಾಳಾದರೂ ಪರಿಹಾರ ಕೇಳಬಹುದು. 72 ಗಂಟೆಯೊಳಗೆ ತಿಳಿಸಬೇಕು ಅಷ್ಟೇ. ಮಳೆ ನಿಂತ ಕೂಡಲೇ ಫೋಟೊ ತೆಗೆದಿಡಿ, ತಡಮಾಡಬೇಡಿ. ಗ್ರಾಮ ಪಂಚಾಯಿತಿಯವರಲ್ಲಿ ಇನ್ನೊಂದು ಮಾತು. ಈ ವರ್ಷದ ಕ್ರಿಯಾ ಯೋಜನೆಯಲ್ಲಿ ಊರಿಗೊಂದು ಸಿಮೆಂಟಿನ ಕಣ, ಅದರ ಪಕ್ಕದಲ್ಲಿ ತಗಡಿನ ಚಪ್ಪರ ಬರೆಯಿರಿ. ಹಣವಿದ್ದರೆ ಅಲ್ಲಿಗೆ ಹೋಗುವ ದಾರಿಗೆ ಗರಸು ಹಾಕಿಸಿ. ಮುಂದಿನ ಶಿವರಾತ್ರಿಯೊಳಗೆ ಇಷ್ಟಾದರೆ ಸಾಕು.