ಕಾಲೇಜು ಬಿಟ್ಟುಕೊಟ್ಟ ಬೆಳಕು

ನಮ್ಮ ಕಡೆ ಒಳ್ಳೆ ಬೆಳಕು ದಿನಕ್ಕೆ ಎರಡೇ ಸಲ ಬರುತ್ತದೆ. ಮುಂಜಾನೆ ಸೂರ್ಯ ಗುಡ್ಡ ಏರಿದ ಮೇಲೆ ಒಂದೆರಡು ತಾಸು, ಸಂಜೆ ಅವನು ಇಳಿಯುವ ಮುಂಚೆ ಒಂದೆರಡು ತಾಸು. ನಡುವಿನದೆಲ್ಲ ಬರೀ ಬಿಸಿಲು. ಬಳ್ಳಾರಿ ಸೀಮೆಯಲ್ಲಿ ಹುಟ್ಟಿದವರು ಬಿಸಿಲಿಗೆ ಹೆದರುವುದಿಲ್ಲ, ನಿಜ. ಆದರೆ ಕ್ಯಾಮೆರಾ ಹೆದರುತ್ತದೆ. ಬೆಳಿಗ್ಗೆ ಏಳಕ್ಕೆ ಹೊಂಬಣ್ಣದಲ್ಲಿರುವ ಹಂಪಿಯ ಬಂಡೆ ಹನ್ನೊಂದಕ್ಕೆಲ್ಲ ಬಿಳಿಚಿಕೊಂಡಿರುತ್ತದೆ. ಕಂಬದ ಮೇಲೆ ಹಿಂಗಾಲಲ್ಲಿ ನಿಂತ ಕುದುರೆಯೂ ಅದರ ಸವಾರನೂ ನೆರಳು ಕಳೆದುಕೊಂಡು ಚಪ್ಪಟೆಯಾಗುತ್ತಾರೆ. ಇಂಥ ಹೊತ್ತಿನಲ್ಲಿ ಫೋಟೋಗ್ರಾಫರ್ ಆದವನು ಮಾಡಬಹುದಾದ ಜಾಣ ಕೆಲಸವೆಂದರೆ ಎಲ್ಲಾದರೂ ನೆರಳು ಹುಡುಕಿ ಕೂರುವುದು. ನನ್ನ ಪುಣ್ಯಕ್ಕೆ ಸರ್ಕಾರ, ವಿಶ್ವವಿದ್ಯಾಲಯ ಮತ್ತು ನಮ್ಮಪ್ಪ ಮೂವರೂ ಸೇರಿ ಅಂಥದೊಂದು ನೆರಳನ್ನು ಮೊದಲೇ ಗೊತ್ತುಮಾಡಿಟ್ಟಿದ್ದರು. ಹೊಸಪೇಟೆಯಲ್ಲಿ ಬಿಎಸ್ಸಿ. ಹತ್ತರಿಂದ ನಾಲ್ಕರವರೆಗೆ. ಕಾಲೇಜು ನನ್ನಿಂದ ಕಿತ್ತುಕೊಂಡದ್ದೆಲ್ಲ ಕೆಟ್ಟ ಬೆಳಕನ್ನೇ. ಒಳ್ಳೆಯದನ್ನು ಎರಡೂ ತುದಿಗೆ ನನಗೇ ಬಿಟ್ಟಿತ್ತು.

ಈ ಲೆಕ್ಕಾಚಾರ ನಮ್ಮಮ್ಮನಿಗೆ ಮಾತ್ರ ಒಪ್ಪಿಗೆಯಾಗಲಿಲ್ಲ. ಕತ್ತಲಿರುವಾಗಲೇ ಎದ್ದು ಬೂಟು ಕಟ್ಟುವ ಮಗನನ್ನು ನೋಡಿ, “ಓದಾಕಂತ ಒಂದಿನಾನಾದ್ರೂ ಹಿಂಗ ಎದ್ದೀಯೇನಪ್ಪಾ?” ಎನ್ನುತ್ತಿದ್ದಳು. ಉತ್ತರವಿಲ್ಲದ ಪ್ರಶ್ನೆ. ಕ್ಯಾಮೆರಾ ಕೊಡಿಸಿದ್ದು ಅವಳ ತಮ್ಮನೇ ಆದ್ದರಿಂದ ಜಗಳ ಮುಂದಕ್ಕೆ ಬೆಳೆಯುತ್ತಿರಲಿಲ್ಲ. ಬಸ್‌ಸ್ಟ್ಯಾಂಡಿನ ಹತ್ತಿರ ಮಾವನದೊಂದು ಸಣ್ಣ ಸ್ಟುಡಿಯೋ. ಪಾಸ್‌ಪೋರ್ಟ್ ಸೈಜಿನಿಂದ ಹಿಡಿದು ಮದುವೆ ಆಲ್ಬಮ್ಮಿನವರೆಗೆ ಎಲ್ಲವೂ ಅಲ್ಲಿ ಆಗುತ್ತಿತ್ತು. ಕೈ ಬದಲಿಸಿದ ಒಂದು ಬಾಡಿ, ಅದರ ಜೊತೆ ಬಂದ 18-55 ಲೆನ್ಸು, ಸುಸ್ತಾದ ಬ್ಯಾಟರಿ, ಇಷ್ಟು ಕೊಟ್ಟು, “ಅಳಿಯಾ, ದುಡ್ಡು ಬ್ಯಾಡ. ಆರ್ಡರ್ ಬಂದಾಗ ಕರದ್ರ ಬರಬೇಕು” ಎಂದಿದ್ದ. ಮೂರು ವರ್ಷದ ಡಿಗ್ರಿ ಮುಗಿದರೂ ಆ ಸಾಲ ತೀರಲಿಲ್ಲ.

ವಾರದ ದಿನಗಳ ಬೆಳಗು ಹಂಪಿಗೆ. ಹೊಸಪೇಟೆಯಿಂದ ಹದಿಮೂರು ಕಿಲೋಮೀಟರು. ಗೆಳೆಯನ ಬೈಕಿದ್ದರೆ ಮಾತಂಗ ಪರ್ವತ, ಇಲ್ಲದಿದ್ದರೆ ಮೊದಲ ಬಸ್ಸು ಎಷ್ಟಕ್ಕೆ ಬಿಡುತ್ತದೋ ಅದರ ಮೇಲೆ ಹೇಮಕೂಟ. ಮಾತಂಗದ ತುದಿಯಲ್ಲಿ ದೇಶವಿದೇಶದವರು ಟ್ರೈಪಾಡು ನೆಟ್ಟು ಸೂರ್ಯನಿಗೆ ಕಾಯುತ್ತಿರುತ್ತಾರೆ. ಅವರ ಒಂದೊಂದು ಲೆನ್ಸಿನ ಬೆಲೆಗೆ ನಮ್ಮ ಕಡೆ ಎಕರೆಗಟ್ಟಲೆ ಬಾಳೆ ನೆಡಬಹುದು. ಮೊದಮೊದಲು ಅವರ ಪಕ್ಕ ನಿಲ್ಲಲು ಸಂಕೋಚವಾಗುತ್ತಿತ್ತು. ಆಮೇಲೆ ಒಂದು ಸಂಗತಿ ಹೊಳೆಯಿತು. ಅವರಿಗೆ ಆ ಬೆಳಗು ಒಂದೇ. ಮೋಡ ಕವಿದರೆ ಮುಗಿಯಿತು, ಗೋಣು ಬಾಗಿಸಿ ಇಳಿದು ಗೋವಾದ ಬಸ್ಸು ಹತ್ತುತ್ತಾರೆ. ನನಗೆ ಮೋಡ ಕವಿದರೆ ಕೆಳಗಿಳಿದು ಒಗ್ಗರಣಿ-ಮಿರ್ಚಿ ತಿಂದು ಕ್ಲಾಸಿಗೆ ಹೋಗುವುದು, ಮತ್ತೊಂದು ದಿನ ಬರುವುದು. ಚೈತ್ರದ ಜೋಡಿ ರಥೋತ್ಸವದಲ್ಲಿ ತುಂಬಿ ತುಳುಕುವ ಅದೇ ಬೀದಿ ಆಷಾಢದ ಮಳೆಯಲ್ಲಿ ಹೇಗಿರುತ್ತದೆ, ವಿರೂಪಾಕ್ಷನ ಆನೆ ಲಕ್ಷ್ಮಿ ಹೊಳೆಗೆ ಸ್ನಾನಕ್ಕೆ ಇಳಿಯುವಾಗ ಯಾವ ಮೆಟ್ಟಿಲ ಮೇಲೆ ತಡೆಯುತ್ತಾಳೆ, ಇದೆಲ್ಲ ಹತ್ತಿರ ಇರುವವನಿಗೆ ಮಾತ್ರ ಸಿಗುವ ಆಸ್ತಿ. ಆ ಆಸ್ತಿಗೆ ದುಬಾರಿ ಲೆನ್ಸು ಬೇಕಾಗಿಲ್ಲ.

ಕ್ಲಾಸಿನಲ್ಲಿ ನಮಗೆ ದೃಗ್ವಿಜ್ಞಾನದ ಪಾಠ ನಡೆಯುತ್ತಿತ್ತು. ಬೆಳಕು ನೇರ ಗೆರೆಯಲ್ಲಿ ಸಾಗುತ್ತದೆ, ಸಣ್ಣ ರಂಧ್ರದ ಮೂಲಕ ಹಾದಾಗ ಬಿಂಬ ತಲೆಕೆಳಗಾಗುತ್ತದೆ. ಮೇಷ್ಟ್ರು ಬೋರ್ಡಿನ ಮೇಲೆ ಒಂದು ಮೇಣದಬತ್ತಿ ಬರೆದು ಅದನ್ನು ತಲೆಕೆಳಗು ಮಾಡುವುದರೊಳಗೆ ಹಿಂದಿನ ಬೆಂಚು ನಿದ್ದೆಹೋಗಿರುತ್ತಿತ್ತು. ಹಂಪಿಯಲ್ಲಿ ಅದೇ ಪಾಠ ಕಲ್ಲಿನಲ್ಲಿದೆ. ವಿರೂಪಾಕ್ಷ ಗುಡಿಯ ಹಿಂಬದಿಯ ಕತ್ತಲೆ ಕೋಣೆಯ ಗೋಡೆಯಲ್ಲೊಂದು ಕಿಂಡಿ. ಎದುರು ಗೋಡೆಯ ಮೇಲೆ ಸುಮಾರು 50 ಮೀಟರು ಎತ್ತರದ, ಒಂಬತ್ತು ನೆಲೆಯ ಪೂರ್ವ ಗೋಪುರ ಕಳಸ ಕೆಳಗೆ ಮಾಡಿಕೊಂಡು ಬೀಳುತ್ತದೆ. ಹೊರಗೆ ಬಿಸಿಲು ಜೋರಾದಷ್ಟೂ ಒಳಗೆ ಚಿತ್ರ ಸ್ಪಷ್ಟ. ನಡುಹಗಲಿಗೂ ಒಂದು ಉಪಯೋಗವಿದೆ ಎಂದು ನಾನು ಒಪ್ಪಿಕೊಂಡ ಏಕೈಕ ಜಾಗ ಅದು. ಲೆನ್ಸಿಲ್ಲ, ಸೆನ್ಸರಿಲ್ಲ, ಚಾರ್ಜು ಮಾಡಬೇಕಾದ ಬ್ಯಾಟರಿಯಿಲ್ಲ. ಕ್ಯಾಮೆರಾ ಎಂದರೆ ಮೂಲದಲ್ಲಿ ಒಂದು ಕತ್ತಲೆ ಕೋಣೆ ಎಂಬುದನ್ನು ಆ ಗೋಡೆಯ ಮುಂದೆ ನಿಂತವನಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಆ ಸೆಮಿಸ್ಟರಿನಲ್ಲಿ ದೃಗ್ವಿಜ್ಞಾನವೊಂದರಲ್ಲಿ ನನಗೆ ಒಳ್ಳೆಯ ಅಂಕ ಬಂದವು.

ಸಂಜೆಯ ಕೆಲಸ ಬೇರೆ. ಆಗಷ್ಟೇ ನಮ್ಮ ಕಡೆಯೂ ಮದುವೆಗೆ ಮುಂಚಿನ ಫೋಟೋಶೂಟಿನ ಹುಚ್ಚು ಹತ್ತಿತ್ತು. ಹುಡುಗ ಹುಡುಗಿಗೆ ಹಂಪಿಯ ಕಲ್ಲಿನ ರಥವೇ ಬೇಕು. 2017ರಲ್ಲಿ ಹೊಸ 50 ರೂಪಾಯಿ ನೋಟಿನ ಮೇಲೆ ಅದು ಬಂದ ಮೇಲಂತೂ ನೋಟನ್ನು ಕೈಯಲ್ಲಿ ಹಿಡಿದು ರಥದ ಪಕ್ಕ ನಿಲ್ಲುವ ಫೋಟೋ ಇಲ್ಲದೆ ಯಾರೂ ವಾಪಸಾಗುತ್ತಿರಲಿಲ್ಲ. ಆದರೆ ಪುರಾತತ್ತ್ವ ಇಲಾಖೆಯ ಸ್ಮಾರಕದೊಳಗೆ ಟ್ರೈಪಾಡು ಇಡಲೂ ಅನುಮತಿ ಬೇಕು, ದೊಡ್ಡ ದೀಪ, ಬಟ್ಟೆಯ ಮೂಟೆ ಕಂಡರೆ ಕಾವಲಿನವರು ಸೀಟಿ ಊದುತ್ತಾರೆ. ಆ ಸೀಟಿ ನ್ಯಾಯವಾದದ್ದೇ. ಐನೂರು ವರ್ಷದ ಕಲ್ಲಿಗೆ ಒರಗಿ ನಿಂತು ತೆಗೆಸಿಕೊಳ್ಳುವ ಪ್ರೀತಿಗೆ ಬೇರೆ ಜಾಗಗಳಿವೆ. ಮಾವ ಜೋಡಿಗಳನ್ನು ತುರ್ತು ಕಾಲುವೆಯ ದಂಡೆಗೆ ಕರೆದೊಯ್ಯುತ್ತಿದ್ದ. ಅರಸರ ಕಾಲದ ಆ ಕಾಲುವೆಯಲ್ಲಿ ಇಂದಿಗೂ ನೀರು ಹರಿಯುತ್ತದೆ, ಎರಡೂ ಕಡೆ ಬಾಳೆ ತೋಟ, ಎಲೆಗಳ ನಡುವಿನಿಂದ ಸೋಸಿ ಬರುವ ಸಂಜೆ ಬೆಳಕು. ನಾನು ರಿಫ್ಲೆಕ್ಟರು ಹಿಡಿದು ನಿಲ್ಲುತ್ತಿದ್ದೆ. ರಿಫ್ಲೆಕ್ಟರು ಹಿಡಿಯುವವನಿಗೆ ಬೆಳಕು ಕಲಿಸುವಷ್ಟು ಕ್ಯಾಮೆರಾ ಹಿಡಿದವನಿಗೆ ಕಲಿಸುವುದಿಲ್ಲ.

ಕಲ್ಲಿನ ರಥದ ಮಾತು ಬಂತಲ್ಲ, ಅದರ ಹಳೆಯ ಫೋಟೋ ಒಂದಿದೆ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಮದರಾಸು ಸೈನ್ಯದ ಅಧಿಕಾರಿ ಹಂಪಿಯಲ್ಲಿ ತೆಗೆದದ್ದು. ಮೇಣ ಸವರಿದ ಕಾಗದವೇ ಅವನ ನೆಗೆಟಿವ್. ಒಂದೊಂದೂ ಹದಿನಾರು ಹದಿನೆಂಟು ಇಂಚಿನ ಹಾಳೆ. ಅಷ್ಟು ದೊಡ್ಡ ಪೆಟ್ಟಿಗೆ ಕ್ಯಾಮೆರಾ ಹೊತ್ತು ಬಂಡೆಗಳ ನಡುವೆ ತಿರುಗಿದ್ದಾನೆ. ಸೈನ್ಯದ ನೌಕರಿಯ ಬಿಡುವಿನಲ್ಲಿ ಹೀಗೆ ತಿರುಗಿದವನೆಂಬ ಕಾರಣಕ್ಕೆ ನನಗೆ ಅವನು ಹತ್ತಿರದವನು. ಅವನ ಚಿತ್ರದಲ್ಲಿ ರಥದ ಮೇಲೆ ಇಟ್ಟಿಗೆಯ ಶಿಖರವಿದೆ. ಇಂದು ಅದಿಲ್ಲ. ಆಸ್ಟ್ರೇಲಿಯಾದ ಜಾನ್ ಗಾಲಿಂಗ್ಸ್ 1983ರಲ್ಲಿ ಅದೇ ಜಾಗಗಳನ್ನು ಹುಡುಕಿ, ಅದೇ ಕೋನದಲ್ಲಿ ನಿಂತು ಮತ್ತೆ ಚಿತ್ರ ತೆಗೆದರು. ಎರಡನ್ನೂ ಪಕ್ಕಪಕ್ಕ ಇಟ್ಟರೆ 127 ವರ್ಷಗಳಲ್ಲಿ ಏನು ಬಿದ್ದಿದೆ, ಏನು ಎದ್ದಿದೆ ಎಂಬುದು ಮಗುವಿಗೂ ತಿಳಿಯುತ್ತದೆ. ಆ ಜೋಡಿ ಚಿತ್ರಗಳನ್ನು ನೋಡಿದ ಮೇಲೆ, ಯಾರೂ ತೆಗೆಯದ ಕೋನವೊಂದನ್ನು ಹುಡುಕಬೇಕೆಂಬ ನನ್ನ ಚಟ ಇಳಿಯಿತು. ಈಗಾಗಲೇ ತೆಗೆದ ಕೋನದಲ್ಲಿ ಮತ್ತೆ ನಿಲ್ಲುವುದೂ ಒಂದು ಕೆಲಸವೇ ಅನಿಸಿತು.

ಭಾನುವಾರಗಳು ಕಂಪ್ಲಿಯವು. ಭತ್ತದ ಸುಗ್ಗಿ ಮುಗಿದು ಕೈಯಲ್ಲಿ ನಾಲ್ಕು ಕಾಸು ಆಡಿದರೆ ಅಲ್ಲಿ ಮದುವೆಗಳ ಸಾಲು. ಹಿಂದಿನ ರಾತ್ರಿ ಅರಿಶಿಣ, ನಸುಕಿನಲ್ಲಿ ಸುರಗಿ, ಆಮೇಲೆ ಅಕ್ಕಿಕಾಳು. ಮಾವ ಎದುರಿಗೆ ನಿಂತು ಸಂಪ್ರದಾಯದ ಫೋಟೋ ತೆಗೆದರೆ ನನಗೆ ಪಕ್ಕದಿಂದ ‘ಕ್ಯಾಂಡಿಡ್’ ತೆಗೆಯುವ ಹೊಣೆ. ಕ್ಯಾಂಡಿಡ್ ಎಂದರೆ ಯಾರೂ ನೋಡದಿರುವಾಗ ತೆಗೆಯಬೇಕು. ಕಂಪ್ಲಿಯ ಮದುವೆಯಲ್ಲಿ ಎಲ್ಲರೂ ಎಲ್ಲ ಹೊತ್ತೂ ಕ್ಯಾಮೆರಾವನ್ನೇ ನೋಡುತ್ತಿರುತ್ತಾರೆ. “ಏ ತಮ್ಮಾ, ನಮ್ದೊಂದು ಹೊಡಿ” ಎಂದು ಬೀಗರ ಕಡೆಯ ದೊಡ್ಡಮ್ಮಂದಿರು ಸೆರಗು ಸರಿಮಾಡಿ ಸಾಲಾಗಿ ನಿಂತುಬಿಡುತ್ತಿದ್ದರು. ಬೇಸರ ಮಾಡಿಕೊಳ್ಳದೆ ಹೊಡೆಯಬೇಕು. ಆಲ್ಬಂ ಬಂದಾಗ ಮೊದಲು ಹುಡುಕುವುದು ಆ ಫೋಟೋವನ್ನೇ. ಅವರಲ್ಲಿ ಒಬ್ಬರು ತೀರಿಕೊಂಡಾಗ ಚೌಕಟ್ಟು ಹಾಕಿಸಲು ಸ್ಟುಡಿಯೋಗೆ ಬರುವುದೂ ಆ ಫೋಟೋಕ್ಕಾಗಿಯೇ. ಉಳಿದ ಕಲಾತ್ಮಕ ಚಿತ್ರಗಳನ್ನು ಯಾರೂ ಕೇಳಿಕೊಂಡು ಬಂದದ್ದಿಲ್ಲ.

ಊಟದ ಪಂಕ್ತಿ ಶುರುವಾದಾಗ ನಾನು ಹೊಳೆಯ ಕಡೆ ಜಾರುತ್ತಿದ್ದೆ. ಕುಮಾರರಾಮನ ಕಥೆ ಹೊತ್ತ ಕೋಟೆ, ಕೆಳಗೆ ತುಂಗಭದ್ರೆ. ಅಣೆಕಟ್ಟಿನ ಕೆಳಗಿನ ಮುದ್ಲಾಪುರದಿಂದ ಕಂಪ್ಲಿಯ ಸೇತುವೆಯವರೆಗಿನ 34 ಕಿಲೋಮೀಟರು ಹೊಳೆಯನ್ನು 2015ರಲ್ಲಿ ನೀರುನಾಯಿಗಳ ಸಂರಕ್ಷಿತ ಪ್ರದೇಶವೆಂದು ಘೋಷಿಸಿದ್ದರು. ನನ್ನ ಪುಟ್ಟ ಲೆನ್ಸಿಗೆ ನೀರುನಾಯಿ ಎಂದರೆ ನೀರಿನ ಮೇಲೆ ಸಾಗುವ ಕಪ್ಪು ಚುಕ್ಕೆ ಅಷ್ಟೇ. ಆ ಚುಕ್ಕೆಗಳ ಚಿತ್ರಗಳು ನನ್ನ ಬಳಿ ಬೇಕಾದಷ್ಟಿವೆ. ಮಳೆಗಾಲದಲ್ಲಿ ಜಲಾಶಯ ತುಂಬಿ ಗೇಟು ಎತ್ತಿದರೆ ಹೊಸಪೇಟೆಯ ಮಂದಿ ಡ್ಯಾಮಿಗೆ ಜಾತ್ರೆ ಹೋಗುತ್ತಾರೆ. ಬಣ್ಣದ ದೀಪ ಬಿಟ್ಟ ನೀರಿನ ಮುಂದೆ ಸೆಲ್ಫಿ. ಅದೇ ನೀರು ಇಳಿದು ಬಂದು ಹಂಪಿಯಲ್ಲಿ ಪುರಂದರ ಮಂಟಪವನ್ನು ಮುಳುಗಿಸಿ, ಕಂಪ್ಲಿಯಲ್ಲಿ ಸೇತುವೆಯನ್ನು ಮುಚ್ಚುತ್ತದೆ. ಮೇಲೆ ಜಾತ್ರೆ, ಕೆಳಗೆ ಆಚೆ ದಂಡೆ ಸೇರಲಾಗದೆ ನಿಂತ ಬೈಕುಗಳ ಸಾಲು. ಒಂದೇ ಹೊಳೆಯ ಈ ಎರಡು ಫೋಟೋಗಳನ್ನು ಒಂದೇ ದಿನ ತೆಗೆಯಬೇಕಾದರೆ ಒಂದು ದಿನದ ಹಾಜರಾತಿ ಬಿಡಲೇಬೇಕು. ಬಿಟ್ಟೆ. 75 ಪ್ರತಿಶತದ ಗೆರೆಯ ಮೇಲೆ ನಡೆಯುವುದು ನಮ್ಮ ಬ್ಯಾಚಿನ ಎಲ್ಲರಿಗೂ ಬರುತ್ತಿತ್ತು.

ಸಂಡೂರಿಗೆ ಮಾತ್ರ ರಜೆಯೇ ಬೇಕು. ಸೆಪ್ಟೆಂಬರಿನಲ್ಲಿ ಆ ಬೆಟ್ಟಗಳು ಬಳ್ಳಾರಿ ಸೀಮೆಗೆ ಸೇರಿದವಲ್ಲವೆಂಬಷ್ಟು ಹಸುರು. ಭೀಮಗಂಡಿ, ಓಬಳಗಂಡಿ ಎಂಬ ಎರಡು ಕಣಿವೆಗಳಲ್ಲಿ ನಾರಿಹಳ್ಳ ಬೆಟ್ಟವನ್ನೇ ಸೀಳಿ ಹೊರಟಿದೆ. ರಸ್ತೆಗೆ ಇಳಿದರೆ ಬೇರೆ ಬಣ್ಣ: ಅದಿರಿನ ಲಾರಿಗಳ ಕೆಂಪು ಧೂಳು. 2011ರಲ್ಲಿ ಸುಪ್ರೀಂ ಕೋರ್ಟು ಗಣಿಗಾರಿಕೆ ನಿಲ್ಲಿಸಿದ ಮೇಲೆ ಎಲೆಗಳು ಮತ್ತೆ ಎಲೆಯ ಬಣ್ಣಕ್ಕೆ ಬಂದದ್ದನ್ನೂ, ಗಣಿಗಳು ಪುನಃ ಶುರುವಾದ ಮೇಲೆ ಅಂಚುಗಳು ಕೆಂಪಾದದ್ದನ್ನೂ ಅಲ್ಲಿಯವರು ಹೇಳುತ್ತಾರೆ. ಅಲ್ಲಿಗೆ ಹೋದಾಗಲೆಲ್ಲ ನೆನಪಾಗುವವರು ಎಂ.ವೈ. ಘೋರ್ಪಡೆ. ಸಂಡೂರಿನ ರಾಜಮನೆತನದವರು, 1972ರಿಂದ 77ರವರೆಗೆ ರಾಜ್ಯದ ಹಣಕಾಸು ಸಚಿವರು. ಜೊತೆಗೆ ದೇಶದ ಹೆಸರಾಂತ ವನ್ಯಜೀವಿ ಛಾಯಾಗ್ರಾಹಕರಲ್ಲಿ ಒಬ್ಬರು. ಅವರ ‘ಸನ್‌ಲೈಟ್ ಅಂಡ್ ಶ್ಯಾಡೋಸ್’ 1983ರಲ್ಲಿ ಬಂತು. ಬಜೆಟ್ಟು ಮಂಡಿಸುವವರಿಗೆ ಕಾಡಿನಲ್ಲಿ ಕೂರಲು ಪುರುಸೊತ್ತು ಸಿಗುವುದಾದರೆ, ರೆಕಾರ್ಡ್ ಪುಸ್ತಕ ಬರೆಯುವವನಿಗೆ ಸಿಗದೆ ಏನು ಎಂದು ಗೆಳೆಯರ ಮುಂದೆ ವಾದಿಸುತ್ತಿದ್ದೆ. ಅವರಿಗೆ ಅರಮನೆಯೂ ಇತ್ತು ಎಂಬ ಉತ್ತರ ಸಿದ್ಧವಾಗಿರುತ್ತಿತ್ತು.

ಕಾಲೇಜಿಗೂ ಕ್ಯಾಮೆರಾಕ್ಕೂ ನಿಜವಾದ ಜಗಳ ನಡೆದದ್ದು ದರೋಜಿಯ ವಿಷಯದಲ್ಲಿ. ಕಮಲಾಪುರದಾಚೆಯ ಆ ಕರಡಿಧಾಮ 1994ರಲ್ಲಿ ಆದದ್ದು. ಸಿಬ್ಬಂದಿ ಬಂಡೆಗಳ ಮೇಲೆ ಬೆಲ್ಲದ ಪಾಕ ಸವರಿ ಬರುತ್ತಾರೆ. ಬಿಸಿಲು ಇಳಿಯುತ್ತಿದ್ದಂತೆ ಕರಡಿಗಳು ಗುಡ್ಡ ಇಳಿದು ನೆಕ್ಕಲು ಬರುತ್ತವೆ, ಬೆನ್ನ ಮೇಲೆ ಮರಿ ಹೊತ್ತ ತಾಯಿಯೂ ಬರುತ್ತದೆ. ವೀಕ್ಷಣಾ ಗೋಪುರಕ್ಕೆ ಬಿಡುವುದು ಮಧ್ಯಾಹ್ನದಿಂದ ಸಂಜೆಯವರೆಗೆ, ಅಂದರೆ ನಮ್ಮ ಪ್ರಾಕ್ಟಿಕಲ್ಸಿನ ಹೊತ್ತಿಗೇ. ಥಿಯರಿ ತಪ್ಪಿಸಬಹುದು, ಲ್ಯಾಬು ತಪ್ಪಿಸುವಂತಿಲ್ಲ. ಸ್ಪೆಕ್ಟ್ರೋಮೀಟರಿನ ಮುಂದೆ ಕೂತು ಸೋಡಿಯಂ ದೀಪದ ಹಳದಿ ಗೆರೆಯನ್ನು ಹೊಂದಿಸುವಾಗ ಅಲ್ಲಿ ಕರಡಿ ಬಂಡೆ ಹತ್ತುತ್ತಿದೆ ಎಂಬ ಯೋಚನೆಗೆ ಕೈ ನಡುಗುತ್ತಿತ್ತು. ಇನ್ನು ಪರೀಕ್ಷೆ ಬರುವುದೂ ಮೇ ತಿಂಗಳ ಆಸುಪಾಸಿಗೆ, ಮದುವೆ ಮುಹೂರ್ತಗಳು ಕೂಡಿಬರುವುದೂ ಆಗಲೇ. ಪಂಚಾಂಗ ಬರೆಯುವವರೂ ವೇಳಾಪಟ್ಟಿ ಬರೆಯುವವರೂ ಒಮ್ಮೆ ಕೂತು ಮಾತಾಡಿದರೆ ಈ ನಾಡಿನ ಎಷ್ಟೋ ಹುಡುಗರಿಗೆ ಅನುಕೂಲವಾದೀತು.

ಡಿಗ್ರಿ ಮುಗಿಯಿತು; ಈಗ ಹೊಟ್ಟೆಪಾಡಿಗೆ ಬೇರೆ ಕೆಲಸ, ಬಿಡುವಿಗೆ ಕ್ಯಾಮೆರಾ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 33 ಗೇಟುಗಳಲ್ಲಿ 19ನೆಯದರ ಚೈನು ಕಡಿದು ಗೇಟು ಕೊಚ್ಚಿಹೋದಾಗ ಎಲ್ಲರಿಗೂ ಆ ಗೇಟಿನ ಹಳೆಯ ಚಿತ್ರ ಬೇಕಾಯಿತು. ನನ್ನ ಹಾರ್ಡ್‌ಡಿಸ್ಕಿನ ಮೂಲೆಯಲ್ಲಿ ಕಾಲೇಜು ದಿನಗಳ ಆ ಜಾತ್ರೆಯ ಫೋಟೋಗಳಿದ್ದವು, ತಾರೀಖಿನ ಸಮೇತ. ಎಣಿಸುತ್ತ ಹೋದರೆ ಹತ್ತೊಂಬತ್ತನೆಯದು ಸಿಕ್ಕಿತು. ಚಂದದ ಫೋಟೋ ಏನಲ್ಲ, ಆದರೆ ಆ ಗೇಟು ಅದರಲ್ಲಿ ನಿಂತಿದೆ. ಗ್ರೀನ್‌ಲಾನ ಇಟ್ಟಿಗೆ ಶಿಖರವೂ ಅಷ್ಟೇ, ಕಂಪ್ಲಿಯ ದೊಡ್ಡಮ್ಮಂದಿರೂ ಅಷ್ಟೇ.

ಆದ್ದರಿಂದ ಈಗ ಕಾಲೇಜಿನಲ್ಲಿದ್ದು ಬ್ಯಾಗಿನಲ್ಲಿ ಕ್ಯಾಮೆರಾ ಇಟ್ಟುಕೊಂಡ, ಅಥವಾ ಜೇಬಿನಲ್ಲಿ ಫೋನಿಟ್ಟುಕೊಂಡ ತಮ್ಮತಂಗಿಯರಿಗೆ ನನ್ನದೊಂದೇ ಮಾತು. ಕ್ಲಾಸು ಬಿಡಬೇಡಿ, ಆ ಹೊತ್ತಿನ ಬೆಳಕು ಹೇಗೂ ಕೆಟ್ಟದ್ದು. ಬೆಳಿಗ್ಗೆ ಸಂಜೆ ನಿಮ್ಮೂರಿನಲ್ಲೇ ತಿರುಗಿ, ಹೋದ ಜಾಗಕ್ಕೇ ಮತ್ತೆ ಹೋಗಿ. ತೆಗೆದ ಪ್ರತಿ ಚಿತ್ರಕ್ಕೂ ಊರು, ತಾರೀಖು, ಅದರಲ್ಲಿರುವವರ ಹೆಸರು ಬರೆದಿಡಿ. ನಿಮ್ಮ ಹೆಸರು ಬರೆಯದಿದ್ದರೂ ನಡೆಯುತ್ತದೆ.