ಬೆಂಕಿಗೆ ಹಾರಿದವರು

ಚಿರಂಜೀವಿ ಮಂಜುವಿಗೆ,

ಅಮ್ಮನ ಮಂಡಿನೋವು ಚಳಿಯ ಜೊತೆಗೇ ಹೋಯಿತು. ನೀನು ವಾಯುಪಡೆಯಲ್ಲಿದ್ದೀಯ ಅಂದರೆ ಊರಿನವರು ಮುಖ ಅರಳಿಸಿ ಕೇಳುತ್ತಾರೆ. ಅಗ್ನಿಶಾಮಕ ವಿಭಾಗ ಅಂದಕೂಡಲೇ ಮಾತು ಮಳೆ ಬೆಳೆಗೆ ಹೊರಳುತ್ತದೆ. ಅಮ್ಮನಿಗೆ ಸಿಟ್ಟು. ಅಗ್ನಿಶಾಮಕ ಠಾಣೆಯಲ್ಲೇ ದುಡಿದ ನನಗೆ ರೂಢಿಯಾಗಿದೆ.

ಈಚೆಗೆ ಅಮೆರಿಕದ 555ನೆಯ ಪ್ಯಾರಾಶೂಟ್ ಬೆಟಾಲಿಯನ್ ವಿಷಯ ಓದಿದೆ. ಎಲ್ಲರೂ ಕಪ್ಪು ಜನಾಂಗದ ಸೈನಿಕರು. ಎರಡನೇ ಮಹಾಯುದ್ಧದಲ್ಲಿ ಕಾದಾಡಲೆಂದು ವಿಮಾನದಿಂದ ಹಾರುವುದನ್ನು ಕಲಿತವರು. 1945ರ ಮೇನಲ್ಲಿ ಅವರನ್ನು ಕಳಿಸಿದ್ದು ರಣರಂಗಕ್ಕಲ್ಲ, ಆರೆಗಾನ್ ರಾಜ್ಯದ ಪೆಂಡಲ್ಟನ್‌ಗೆ, ಕಾಡ್ಗಿಚ್ಚು ಆರಿಸಲು. ಅಮೆರಿಕದ ಕಾಡಿಗೆ ಬೆಂಕಿ ಹಚ್ಚಲೆಂದು ಜಪಾನ್ ಕಾಗದದ ಬಲೂನುಗಳಿಗೆ ಬಾಂಬು ಕಟ್ಟಿ, 9,000ಕ್ಕೂ ಹೆಚ್ಚನ್ನು ಗಾಳಿಗೆ ಬಿಟ್ಟಿತ್ತು. ಶತ್ರುವಿಗೆ ಸುಳಿವು ಸಿಗಬಾರದೆಂದು ಸರ್ಕಾರ ಪತ್ರಿಕೆಗಳ ಬಾಯಿ ಕಟ್ಟಿಸಿತ್ತು. ಮೇ 5ರಂದು ಅದೇ ರಾಜ್ಯದ ಬ್ಲೈ ಎಂಬಲ್ಲಿ ಕಾಡಿಗೆ ಹೋಗಿದ್ದ ಒಬ್ಬ ಗರ್ಭಿಣಿ, ಐದು ಮಕ್ಕಳು ಅಂಥದ್ದೊಂದು ಬಾಂಬು ಸಿಡಿದು ಸತ್ತರು. ಬೆಟಾಲಿಯನ್ನಿನ ಕೆಲಸವೂ ಗುಟ್ಟಾಗಿಯೇ ನಡೆಯಿತು.

ನಿನಗೆ ರುಚಿಸುವ ಭಾಗ ಇದು. ತಲೆಗೆ ಫುಟ್‌ಬಾಲ್ ಆಟಗಾರರ ಹೆಲ್ಮೆಟ್, ಮುಖಕ್ಕೆ ತಂತಿಜಾಲರಿ, ಜೊತೆಗೆ 50 ಅಡಿ ಹಗ್ಗ. ಬಯಲಲ್ಲಿ ಇಳಿಯುವುದನ್ನು ಕಲಿತಿದ್ದವರು ಈಗ ಮರದ ತುದಿಗೆ ಸಿಕ್ಕಿಕೊಂಡು, ಹಗ್ಗ ಹಿಡಿದು ಜಾರಬೇಕು. ಕೆಳಗೆ ನೀರಿಲ್ಲ, ಹೋಸಿಲ್ಲ. ಬೆಂಕಿ ಮುಂದೆ ಹರಡದಂತೆ ಕೊಡಲಿ ಗುದ್ದಲಿಯಲ್ಲಿ ಗಿಡಗಂಟಿ ಸವರಿ ಬೆಂಕಿ ರೇಖೆ ಕಡಿಯುವುದು. ಹೀಗೆ 36 ಸಲ ಬೆಂಕಿಗೆ ಹೋದರು. ಎಲ್ಲರದೂ ಸೇರಿ 1,200ಕ್ಕೂ ಹೆಚ್ಚು ಜಿಗಿತ.

ಆಗಸ್ಟ್ 6ರಂದು ರೋಸ್‌ಬರ್ಗ್ ಬಳಿಯ ಕಾಡಿನಲ್ಲಿ ಮಾಲ್ವಿನ್ ಬ್ರೌನ್ ಎಂಬ ವೈದ್ಯಕೀಯ ಸಹಾಯಕ ಮರದಿಂದ ಬಿದ್ದು ಸತ್ತ. ಅದೇ ದಿನ ಹಿರೋಶಿಮಾ ಮೇಲೆ ಅಣುಬಾಂಬು ಬಿತ್ತು. ಪತ್ರಿಕೆಯಲ್ಲಿ ಅವನಿಗೆ ಜಾಗ ಎಲ್ಲಿಂದ ಬರಬೇಕು, ಹೇಳು? ಆ ಪಡೆಯ ಅಧಿಕಾರಿ ಬ್ರ್ಯಾಡ್ಲಿ ಬಿಗ್ಸ್ ತಾನೇ ಕೂತು ಪುಸ್ತಕ ಬರೆದು 1986ರಲ್ಲಿ ತಂದ. ಅಂಥವರು ಬರೆದಿಟ್ಟದ್ದರಿಂದ ಇಷ್ಟಾದರೂ ನಮಗೆ ಸಿಕ್ಕಿತು. ಸುಟ್ಟದ್ದಕ್ಕೆ ಪಂಚನಾಮೆ ಇರುತ್ತದೆ ಮಗಾ, ಸುಡದೆ ಉಳಿದದ್ದಕ್ಕೆ ಇರುವುದಿಲ್ಲ.

ನಮ್ಮಲ್ಲೂ ಅಷ್ಟೇ. 1944ರಲ್ಲಿ ಮುಂಬೈ ಬಂದರಿನ ಸ್ಫೋಟದಲ್ಲಿ ಸತ್ತ ಅಗ್ನಿಶಾಮಕರಿಗಾಗಿ ಪ್ರತಿ ಏಪ್ರಿಲ್ 14ಕ್ಕೆ ಮೌನವಾಗಿ ನಿಲ್ಲುತ್ತೇವೆ. ಅವರಲ್ಲಿ ಒಬ್ಬನ ಹೆಸರು ಹೇಳಿ ಅಂದರೆ ಸಾಲಿನಲ್ಲಿ ನಿಂತವರು ಮುಖ ಮುಖ ನೋಡಿಕೊಳ್ಳುತ್ತಾರೆ. ನೀನು ಚಿಕ್ಕವನಿದ್ದಾಗ ಹೆಗಲ ಮೇಲೆ ಕೂರಿಸಿಕೊಂಡು ಗಾಡಿಯ ಗಂಟೆ ಬಾರಿಸಲು ಬಿಡುತ್ತಿದ್ದ ಡ್ರೈವರ್ ಮಾಮ ನೆನಪಿದೆಯಾ? ಮಿಲ್ಲಿನ ಬೆಂಕಿಯಲ್ಲಿ ನನ್ನ ಕಾಲರ್ ಹಿಡಿದು ಹೊರಗೆಳೆದವನು ಅವನೇ. ನಮ್ಮ ಠಾಣೆಯ ಆ ವರ್ಷದ ದಿನಚರಿ ಪುಸ್ತಕವನ್ನು ಗೆದ್ದಲು ತಿಂದಿದೆ.

ಅದಕ್ಕೇ ಹೇಳುತ್ತೇನೆ. ನಿಮ್ಮಲ್ಲಿ ನಿವೃತ್ತಿಯ ಹತ್ತಿರ ಇರುವ ಹಿರಿಯರ ಜೊತೆ ಚಹಾ ಕುಡಿಯುತ್ತಾ ಕೂರು. ಯಾವ ಯುದ್ಧದಲ್ಲಿ ಯಾರು ಎಲ್ಲಿದ್ದರು, ಕೇಳು. ಹಳೆಯ ಫೋಟೊಗಳ ಹಿಂದೆ ಹೆಸರು, ಊರು ಬರೆಸು. ಗುಟ್ಟಿನ ವಿಷಯಕ್ಕೆ ಕೈಹಾಕಬೇಡ. ಸಾಹೇಬರ ಅಪ್ಪಣೆ ಮೊದಲು ಪಡೆ. ಡ್ಯೂಟಿಯಲ್ಲಿ ಹೆಲ್ಮೆಟ್ ಪಟ್ಟಿ ಬಿಗಿದುಕೋ, ಇದು ಅಮ್ಮನ ಮಾತು.

ರಜೆಗೆ ಬರುವಾಗ ದಪ್ಪನೆಯದೊಂದು ನೋಟ್‌ಬುಕ್ ತಾ. ನಮ್ಮ ಠಾಣೆಯವರ ಹೆಸರು ನಾನು ಹೇಳುತ್ತೇನೆ, ನೀನು ಬರೆದುಕೋ. ನನ್ನ ಕೈ ಈಗ ನಡುಗುತ್ತದೆ.

ಇಂತಿ,
ನಿನ್ನ ಅಪ್ಪ